ಸಾವಯವ ಬೆಲ್ಲ, ಜೋಳದ ರೊಟ್ಟಿ, ಕೊಲಾಜೆನ್ ಪುಡಿ: ಹೊಟ್ಟೆಗೆ ಹೋದ ಮೇಲೆ ಇವೆಲ್ಲ ಏನಾಗುತ್ತವೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಗದಗ-ಬೆಟಗೇರಿಯವರು. ನಮ್ಮ ಅತ್ತೆಯವರಿಗೆ 64 ವರ್ಷ. 11 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಹೋದ ವರ್ಷದಿಂದ ಮಾತ್ರೆಯ ಜೊತೆಗೆ ರಾತ್ರಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಅನ್ನ ಪೂರ್ತಿ ಬಿಟ್ಟಿದ್ದಾರೆ. ದಿನಕ್ಕೆ ಎಂಟು ಜೋಳದ ರೊಟ್ಟಿ, ಅದರಲ್ಲಿ ಬೆಳಿಗ್ಗೆಯ ಎರಡು ಖಡಕ್ ರೊಟ್ಟಿ. ಚಹಾಕ್ಕೆ ಸಕ್ಕರೆ ಇಲ್ಲ, ಸಾವಯವ ಬೆಲ್ಲ ಮಾತ್ರ, ದಿನಕ್ಕೆ ನಾಲ್ಕು ಕಪ್. ಆದರೂ ಮೂರು ತಿಂಗಳ ಸಕ್ಕರೆ ಟೆಸ್ಟ್ 7.6ರಿಂದ 8.9ಕ್ಕೆ ಏರಿದೆ. ಮಂಡಿನೋವು ಬೇರೆ. ಹುಬ್ಬಳ್ಳಿಯ ಸಂಬಂಧಿಕರೊಬ್ಬರು ಕೊಲಾಜೆನ್ ಪುಡಿ ತಂದುಕೊಟ್ಟು, "ಮಂಡಿಯಲ್ಲಿ ಸವೆದದ್ದು ಇದೇ. ಕುಡಿದರೆ ನೇರ ಅಲ್ಲಿಗೇ ಹೋಗಿ ಕೂರುತ್ತದೆ" ಎಂದಿದ್ದಾರೆ. ಒಂದು ಡಬ್ಬಿಗೆ 1,800 ರೂಪಾಯಿ. ನಮ್ಮ ಮನೆಯವರು ಗಾಣದ ಶೇಂಗಾ ಎಣ್ಣೆ ಬಿಡಿಸಿ, 'ಕೊಲೆಸ್ಟ್ರಾಲ್ ಇಲ್ಲ' ಎಂದು ಬರೆದ ಎಣ್ಣೆ ತರುತ್ತಿದ್ದಾರೆ. ಪಿಯುಸಿ ಸೈನ್ಸ್ ಓದುವ ಮಗ, "ಅವ್ವಾ, ಸಕ್ಕರಿನೂ ಸಾವಯವ, ಯೂರಿಯಾನೂ ಸಾವಯವ, ನಮ್ಮ ಪುಸ್ತಕದಾಗ ಐತಿ" ಎನ್ನುತ್ತಾನೆ. ಯಾರ ಮಾತು ನಂಬಲಿ? ಅತ್ತೆಯವರಿಗೆ ಏನು ಕೊಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅತ್ತೆಯವರು ಅನ್ನ ಬಿಟ್ಟರು, ಸಕ್ಕರೆ ಬಿಟ್ಟರು, ಹೇಳಿದ್ದೆಲ್ಲ ಮಾಡಿದರು. ಆದರೂ ನಂಬರ್ ಏರಿತು. ಬೇಜಾರಾಗದೆ ಇರುತ್ತದೆಯೇ? ನಾನು ಬಹಳ ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಇಂಥ ರಿಪೋರ್ಟ್‌ಗಳಿಗೆ ಸಹಿ ಹಾಕಿದವಳು. ಈಗ ಧಾರವಾಡದಲ್ಲಿ ಮಕ್ಕಳಿಗೆ ಜೀವರಸಾಯನ ಕಲಿಸುತ್ತೇನೆ. "ಬರೀ ರೊಟ್ಟಿ ತಿಂತೀವ್ರಿ, ಆದ್ರೂ ಯಾಕ ಏರೇತಿ?" ಎಂದು ಲ್ಯಾಬಿನ ಕಿಟಕಿಯಾಚೆಯಿಂದ ಕೇಳಿದವರಿಗೆ ಲೆಕ್ಕವಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ಓದಿ ನಾಳೆಯೇ ಎಂಟು ರೊಟ್ಟಿಯನ್ನು ನಾಲ್ಕಕ್ಕೆ ಇಳಿಸಬೇಡಿ. ಅವರ ಇನ್ಸುಲಿನ್, ಮಾತ್ರೆ ಎರಡೂ ಈಗಿನ ಊಟ ನೋಡಿ ಬರೆದದ್ದು. ಊಟ ಮಾತ್ರ ಒಮ್ಮೆಲೇ ಇಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಹೇಗೆ ಇಳಿಸಬೇಕು ಎನ್ನುವುದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಮಗ ಹೇಳಿದ್ದು ಸರಿ. 'ಸಾವಯವ' ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥ ಕೂತಿರುವುದರಿಂದಲೇ ಈ ಗೊಂದಲ. ಹೊಲದಲ್ಲಿ ಸಾವಯವ ಎಂದರೆ ಸರಕಾರಿ ಗೊಬ್ಬರ (ಅಂದರೆ ರಾಸಾಯನಿಕ ಗೊಬ್ಬರ), ಔಷಧಿ ಹೊಡೆಯದೆ ಬೆಳೆದದ್ದು. ರಸಾಯನಶಾಸ್ತ್ರದಲ್ಲಿ ಸಾವಯವ ಎಂದರೆ ಇಂಗಾಲದ ಪರಮಾಣುಗಳನ್ನು ಬೆನ್ನೆಲುಬು ಮಾಡಿಕೊಂಡು ಕಟ್ಟಿದ ಅಣು. ಹಿಂದೆ ಇಂಥ ಅಣುಗಳು ಜೀವವಿರುವ ದೇಹದಲ್ಲಿ ಮಾತ್ರ ಹುಟ್ಟುತ್ತವೆ, ಅದಕ್ಕೊಂದು ಜೀವಶಕ್ತಿ ಬೇಕು ಎಂದು ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ತನ್ನ ಲ್ಯಾಬಿನಲ್ಲಿ ಯೂರಿಯಾ ತಯಾರಿಸಿ ತೋರಿಸಿದ. ಮೂತ್ರದಲ್ಲಿ ಸಿಗುವ ಅದೇ ಯೂರಿಯಾ, ಯಾವ ಪ್ರಾಣಿಯ ಸಹಾಯವೂ ಇಲ್ಲದೆ! ನಾವು ಮೆಕ್ಕೆಜೋಳಕ್ಕೆ ಹಾಕುವ ಚೀಲದ ಯೂರಿಯಾಕ್ಕೂ ನಮ್ಮ ಲಿವರ್ ದಿನಾ 20-30 ಗ್ರಾಂನಷ್ಟು ಮಾಡಿ ಕಿಡ್ನಿಗೆ ಕಳಿಸುವ ಯೂರಿಯಾಕ್ಕೂ ಅಣುವಿನ ಲೆಕ್ಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಬೆಲ್ಲದ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸಾವಯವ ಬೆಲ್ಲ ಎಂದರೆ ಕಬ್ಬು ಹೇಗೆ ಬೆಳೆದರು, ಬಣ್ಣ ಬಿಳುಪಾಗಲು ಹೈಡ್ರೋಸ್ ಹಾಕಿದರೋ ಇಲ್ಲವೋ ಎನ್ನುವುದರ ಮಾತು. ಅದು ಒಳ್ಳೆಯದೇ, ನಾನೂ ಅಂಥದ್ದನ್ನೇ ಕೊಳ್ಳುತ್ತೇನೆ. ಆದರೆ ಯಾವ ಬೆಲ್ಲವಾದರೂ 100 ಗ್ರಾಂನಲ್ಲಿ ಸುಮಾರು 85 ಗ್ರಾಂ ಸಕ್ಕರೆಯೇ. ಬಿಳಿ ಸಕ್ಕರೆಯಲ್ಲಿರುವ ಅದೇ ಸುಕ್ರೋಸ್ ಅಣು. ಒಂದು ಕಪ್ ಚಹಾಕ್ಕೆ 10 ಗ್ರಾಂ ಬೆಲ್ಲ ಎಂದರೂ ನಾಲ್ಕು ಕಪ್ಪಿಗೆ 34 ಗ್ರಾಂ ಸಕ್ಕರೆಯಾಯಿತು. ಈ 34 ಅನ್ನು ನೆನಪಿಡಿ, ಆಮೇಲೆ ಮತ್ತೆ ಬರುತ್ತದೆ.

ಜೀವವಿರುವ ಎಲ್ಲದರ ಮೈಯಲ್ಲಿ, ಅದು ಕಬ್ಬಿರಲಿ, ಎಮ್ಮೆ ಇರಲಿ, ನಾವಿರಲಿ, ನೀರು ಬಿಟ್ಟರೆ ಮುಖ್ಯವಾಗಿ ಇರುವುದು ನಾಲ್ಕು ಬಗೆಯ ಸಾವಯವ ಅಣುಗಳು: ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು, ಮತ್ತು ಡಿಎನ್‌ಎ ಸೇರಿದ ನ್ಯೂಕ್ಲಿಯಿಕ್ ಆಮ್ಲ. ಇವುಗಳಲ್ಲಿ ಬಹಳಷ್ಟು ದೊಡ್ಡ ಅಣುಗಳು. ಕರುಳಿನ ಗೋಡೆಯನ್ನು ಹಾಗೇ ದಾಟಲಾರವು. ಅದಕ್ಕೇ ದೇಹ ಮೊದಲು ಅವನ್ನು ಸಣ್ಣ ತುಂಡು ಮಾಡುತ್ತದೆ. ತುಂಡುಗಳನ್ನು ಒಳಗೆ ತೆಗೆದುಕೊಂಡು, ತನಗೆ ಬೇಕಾದದ್ದನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ನಮ್ಮ ಕಡೆ ಕೌದಿ ಹೊಲಿಯುವುದು ನೆನಪಿಸಿಕೊಳ್ಳಿ. ಹಳೆ ಸೀರೆ ಇರಲಿ, ಧೋತರ ಇರಲಿ, ಮೊದಲು ಕತ್ತರಿಸಿ ತುಂಡು ಮಾಡುತ್ತೇವೆ. ಆಮೇಲೆ ಹೊಲಿಯುವವಳು ತನ್ನ ಕೌದಿಗೆ ಬೇಕಾದಲ್ಲಿ ಜೋಡಿಸುತ್ತಾಳೆ. ಸೀರೆಯ ಸೆರಗು ಕೌದಿಯಲ್ಲೂ ಸೆರಗಿನ ಜಾಗದಲ್ಲೇ ಕೂರಬೇಕೆಂದೇನಿಲ್ಲ ಅಲ್ವಾ? ನೀವು ಕೇಳಿದ ರೊಟ್ಟಿ, ಪುಡಿ, ಎಣ್ಣೆ ಮೂರಕ್ಕೂ ಉತ್ತರ ಇಲ್ಲೇ ಇದೆ.

ಈಗ ರೊಟ್ಟಿ. "ಜೋಳದಲ್ಲಿ ಸಕ್ಕರೆ ಇಲ್ಲ" ಎಂಬ ಮಾತು ನಮ್ಮ ಭಾಗದಲ್ಲಿ ಬಹಳ ಗಟ್ಟಿಯಾಗಿ ಕೂತಿದೆ. ನಿಮ್ಮ ಮಗನಿಗೆ ಎರಡು ಪ್ರಯೋಗ ಮಾಡಲು ಹೇಳಿ. ಮೆಡಿಕಲ್ ಶಾಪಿನಿಂದ ಟಿಂಚರ್ ಅಯೋಡಿನ್ ತಂದು ರೊಟ್ಟಿಯ ಚೂರಿನ ಮೇಲೆ ಒಂದು ಹನಿ, ಅನ್ನದ ಅಗುಳಿನ ಮೇಲೆ ಒಂದು ಹನಿ, ಚಪಾತಿಯ ಮೇಲೆ ಒಂದು ಹನಿ ಬಿಡಲಿ. ಮೂರೂ ಕಡುನೀಲಿ, ಹೆಚ್ಚುಕಡಿಮೆ ಕಪ್ಪಾಗುತ್ತವೆ. ಅದು ಪಿಷ್ಟದ ಗುರುತು. (ಆ ಚೂರುಗಳನ್ನು ಆಮೇಲೆ ಬಿಸಾಡಿ, ತಿನ್ನಬೇಡಿ.) ಎರಡನೆಯದಕ್ಕೆ ದುಡ್ಡೂ ಬೇಕಿಲ್ಲ. ಪಲ್ಯ, ಚಟ್ನಿ ಏನೂ ಹಚ್ಚದೆ ಬರೀ ರೊಟ್ಟಿಯ ಒಂದು ತುತ್ತನ್ನು ನುಂಗದೆ ಎರಡು ನಿಮಿಷ ಅಗಿಯಲಿ. ಸಪ್ಪೆಯಾಗಿದ್ದದ್ದು ನಿಧಾನಕ್ಕೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸಲು ಶುರು ಮಾಡಿರುತ್ತದೆ, ಅಲ್ಲಿ ಹುಟ್ಟಿದ ಮಾಲ್ಟೋಸ್ ಎಂಬ ಸಕ್ಕರೆಯ ರುಚಿ ಅದು. ಬಾಯಲ್ಲಿ ಶುರುವಾದ ಕೆಲಸ ಸಣ್ಣ ಕರುಳಿನಲ್ಲಿ ಮುಗಿಯುತ್ತದೆ. ಪಿಷ್ಟವೆಂದರೆ ಸಾವಿರಾರು ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಸರ. ರೊಟ್ಟಿ ರಕ್ತಕ್ಕೆ ಇಳಿಯುವುದು ಮುಖ್ಯವಾಗಿ ಈ ಮಣಿಗಳಾಗಿಯೇ.

ನನಗೆ ಪಾಠ ಮಾಡುವಾಗ ತುಂಬಾ ಇಷ್ಟವಾಗುವ ವಿಷಯ ಒಂದಿದೆ, ಇಲ್ಲಿ ಹೇಳದೆ ಇರಲಾರೆ. ಜೋಳದ ತೆನೆ ನಮಗೆ, ಕಣಿಕೆ ಎತ್ತಿಗೆ. ತೆನೆಯ ಪಿಷ್ಟವೂ ಗ್ಲೂಕೋಸಿನ ಸರ, ಕಣಿಕೆಯ ಸೆಲ್ಯುಲೋಸ್ ಕೂಡ ಗ್ಲೂಕೋಸಿನದೇ ಸರ. ಮಣಿ ಅದೇ, ಪೋಣಿಸಿದ ರೀತಿ ಬೇರೆ. ಪಿಷ್ಟದಲ್ಲಿ ಎಲ್ಲ ಮಣಿಗಳೂ ಒಂದೇ ಮಗ್ಗುಲಿಗೆ ಕೂತಿರುತ್ತವೆ, ಸರ ಸುರುಳಿಯಾಗುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ಮಣಿ ತಿರುಗಿ ಕೂತಿರುತ್ತದೆ, ಸರ ನೆಟ್ಟಗಾಗಿ ಒಂದರ ಪಕ್ಕ ಒಂದು ಒತ್ತಿ ನಾರಾಗುತ್ತದೆ. ನಮ್ಮ ಕರಿ ಮಣ್ಣಿನ ಹತ್ತಿ ಇದೆಯಲ್ಲ, ಅದೂ ಬಹುಪಾಲು ಸೆಲ್ಯುಲೋಸೇ. ನಿಮ್ಮ ಬೆಟಗೇರಿಯ ಮಗ್ಗದಲ್ಲಿ ಓಡುವ ಹತ್ತಿ ನೂಲೂ ನಿಮ್ಮ ತಾಟಿನ ರೊಟ್ಟಿಯೂ ಒಂದೇ ಗ್ಲೂಕೋಸಿನಿಂದ ಆದವು! ಸೆಲ್ಯುಲೋಸಿನ ಕೊಂಡಿಯನ್ನು ಬಿಚ್ಚುವ ಕಿಣ್ವ ನಮ್ಮಲ್ಲಿಲ್ಲ. ಎತ್ತಿನಲ್ಲೂ ಇಲ್ಲ, ಅದರ ಹೊಟ್ಟೆಯಲ್ಲಿ ಮನೆಮಾಡಿದ ಸೂಕ್ಷ್ಮಜೀವಿಗಳಲ್ಲಿ ಇದೆ. ಕಾಳಿನ ಸಿಪ್ಪೆಯಲ್ಲಿ ಇರುವ ನಾರು ಕೂಡ ಹೆಚ್ಚಾಗಿ ಇದೇ ಜಾತಿಯದು. ಅದು ನಮಗೆ ಗ್ಲೂಕೋಸ್ ಕೊಡುವುದಿಲ್ಲ, ಪಿಷ್ಟ ಕರಗುವ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ.

ಜೋಳಕ್ಕೆ ಹೆಸರು ಬಂದದ್ದು ಸುಮ್ನೆ ಅಲ್ಲ ಎನ್ನುವುದೂ ಇದರಿಂದಲೇ ತಿಳಿಯುತ್ತದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಹಾಗಾಗಿ ಅದೇ ಅಳತೆಯ ಅನ್ನಕ್ಕಿಂತ ರೊಟ್ಟಿ ಮೇಲು. ಇದು ನಿಜ. ಆದರೆ ಅದೇ 100 ಗ್ರಾಂ ಜೋಳದಲ್ಲಿ 68 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಇದೆ, ಬಹುತೇಕ ಪಿಷ್ಟ. ನಮ್ಮ ಮನೆಯಲ್ಲಿ ಒಂದು ರೊಟ್ಟಿಯ ಹಿಟ್ಟನ್ನು ತೂಗಿ ನೋಡಿದ್ದೇನೆ, 50ರಿಂದ 60 ಗ್ರಾಂ ಬರುತ್ತದೆ. 50 ಎಂದೇ ಹಿಡಿಯಿರಿ. ಒಂದು ರೊಟ್ಟಿಗೆ 34 ಗ್ರಾಂ. ಎಂಟಕ್ಕೆ 272 ಗ್ರಾಂ. ಮೇಲೆ ಬೆಲ್ಲದ 34, ಅಂದರೆ ಒಂಬತ್ತನೇ ರೊಟ್ಟಿ. ಅದೂ ಚಹಾದಲ್ಲಿ ಕರಗಿ ಬರುವುದರಿಂದ ರಕ್ತಕ್ಕೆ ಬೇಗ ಸೇರುತ್ತದೆ. ಅನ್ನ ಬಿಟ್ಟ ಸಮಾಧಾನದಲ್ಲಿ ರೊಟ್ಟಿಯ ಲೆಕ್ಕ ಕೈತಪ್ಪಿದೆ ಅಂತ ನನ್ನ ಅನಿಸಿಕೆ. ಇದು ನಿಮ್ಮ ಮನೆಯೊಂದರ ಕತೆಯಲ್ಲ. ನಾನು ನೋಡಿದ ಹತ್ತಾರು ಮನೆಗಳದ್ದೂ ಇದೇ.

ಖಡಕ್ ರೊಟ್ಟಿಯ ಬಗ್ಗೆ ಒಂದು ಮಾತು. ಅದು ಹಪ್ಪಳದಂತೆ ಹಗುರ, ಹಾಗಾಗಿ ತಿಂದರೂ ತಿಂದ ಹಾಗೆ ಅನಿಸುವುದಿಲ್ಲ. ಆದರೆ ಅದೇ ಉಂಡೆಯಿಂದ ಬಡಿದದ್ದಾದರೆ ಬಿಸಿರೊಟ್ಟಿಯಲ್ಲಿ ಎಷ್ಟು ಪಿಷ್ಟವೋ ಖಡಕ್‌ನಲ್ಲೂ ಅಷ್ಟೇ. ಹೋದದ್ದು ನೀರು ಮಾತ್ರ. ತೂಗುವುದಾದರೆ ರೊಟ್ಟಿಯನ್ನು ತೂಗಬೇಡಿ, ಬಡಿಯುವ ಮೊದಲು ಹಿಟ್ಟನ್ನು ತೂಗಿ.

8.9 ಎಂಬ ನಂಬರ್ ಏನು ಹೇಳುತ್ತದೆ ಎಂಬುದೂ ಅಣುಗಳ ಕತೆಯೇ. ಧಾರವಾಡ ಪೇಡೆ ಮಾಡುವಾಗ ಖೋವಾವನ್ನು ಹುರಿಯುತ್ತಾ ಹೋದಂತೆ ಕಂದು ಬಣ್ಣ ಬರುತ್ತದೆ, ಆ ಘಮ ಬರುತ್ತದೆ. ಹಾಲಿನ ಸಕ್ಕರೆ ಹೋಗಿ ಹಾಲಿನ ಪ್ರೋಟೀನಿಗೆ ಅಂಟಿಕೊಂಡಾಗ ಆಗುವ ಬದಲಾವಣೆ ಅದು. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಮೈಯಾರ್ ಹೆಸರಿನಿಂದಲೇ ಆ ಕ್ರಿಯೆಯನ್ನು ಕರೆಯುತ್ತಾರೆ. ರಕ್ತದಲ್ಲಿ ಗ್ಲೂಕೋಸ್ ಜಾಸ್ತಿ ಇದ್ದರೆ ಅದೇ ಕ್ರಿಯೆಯ ಮೊದಲ ಹಂತ ನಮ್ಮ ಮೈಯೊಳಗೂ ನಿಧಾನವಾಗಿ ನಡೆಯುತ್ತದೆ. ಗ್ಲೂಕೋಸ್ ಹೋಗಿ ಹಿಮೋಗ್ಲೋಬಿನ್ ಎಂಬ ಪ್ರೋಟೀನಿಗೆ ಅಂಟುತ್ತದೆ. ನೂರರಲ್ಲಿ ಎಷ್ಟು ಹಿಮೋಗ್ಲೋಬಿನ್‌ಗೆ ಹೀಗೆ ಅಂಟಿದೆ ಎಂದು ಎಣಿಸುವುದೇ ಎಚ್‌ಬಿಎ1ಸಿ ಟೆಸ್ಟ್. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅದಕ್ಕೇ ಎರಡು ಮೂರು ತಿಂಗಳ ಲೆಕ್ಕ ಅದರಲ್ಲಿ ಸಿಗುತ್ತದೆ. 8.9 ಎಂದರೆ ಈ ಅವಧಿಯಲ್ಲಿ ಸರಾಸರಿ ಸಕ್ಕರೆ 209ರ ಆಸುಪಾಸು. ಲ್ಯಾಬಿನವಳಾಗಿ ಒಂದು ಎಚ್ಚರಿಕೆ: ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಈ ನಂಬರ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ, ಬೆರಳಿನಿಂದ ಚುಚ್ಚಿ ನೋಡುವ ಸಕ್ಕರೆಯನ್ನೂ ಒಂದು ವಾರ ಬರೆದಿಡಿ.

ಕೊಲಾಜೆನ್ ಪುಡಿಗೆ ಬರೋಣ. ಅದಕ್ಕೂ ಮೊದಲು ನಿಮಗೊಂದು ಪ್ರಶ್ನೆ. ಅತ್ತೆಯವರು ಇನ್ಸುಲಿನ್ ಅನ್ನು ಯಾಕೆ ಚುಚ್ಚಿಕೊಳ್ಳುತ್ತಾರೆ? ಮಾತ್ರೆಯಂತೆ ನುಂಗಿದ್ದರೆ ಎಷ್ಟು ಸುಲಭವಿತ್ತು! ಕಾರಣ, ಇನ್ಸುಲಿನ್ ಒಂದು ಪ್ರೋಟೀನ್. ಅಮೈನೋ ಆಮ್ಲ ಎಂಬ 51 ಮಣಿಗಳ ಪುಟ್ಟ ಸರ. ಅದರ ಮಣಿಗಳ ಸಾಲನ್ನು ಒಂದೊಂದಾಗಿ ಓದಿದ್ದಕ್ಕೆ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಬಂತು. ಇದನ್ನು ನುಂಗಿದರೆ ಹೊಟ್ಟೆಯ ಪೆಪ್ಸಿನ್, ಕರುಳಿನ ಟ್ರಿಪ್ಸಿನ್ ಎಂಬ ಕಿಣ್ವಗಳು ಬೇಳೆಯ ಪ್ರೋಟೀನಿನಂತೆಯೇ ಕತ್ತರಿಸಿ ಹಾಕುತ್ತವೆ. ಇದು ಔಷಧಿ, ಇದನ್ನು ಬಿಡೋಣ ಎಂದು ಹೊಟ್ಟೆಗೆ ತಿಳಿಯುವುದಿಲ್ಲ.

ಕೊಲಾಜೆನ್ ಕೂಡ ಪ್ರೋಟೀನೇ, ಇನ್ಸುಲಿನ್‌ಗಿಂತ ಬಹಳ ದೊಡ್ಡದು. ಮೂರು ಎಳೆ ಹೊಸೆದ ಹಗ್ಗದಂತೆ ಅದರ ರಚನೆ. ಆ ರಚನೆಯನ್ನು 1954ರಲ್ಲಿ ಮದರಾಸಿನಲ್ಲಿ ಕಂಡುಹಿಡಿದವರು ನಮ್ಮ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಈ ಹಗ್ಗ ನಮ್ಮ ಚರ್ಮದಲ್ಲಿ, ಎಲುಬಿನಲ್ಲಿ, ಮಂಡಿಯ ಮೆತ್ತೆಯಲ್ಲಿ ಇದೆ ಎನ್ನುವುದು ನಿಜ. ಪುಡಿಯಲ್ಲಿ ಇರುವುದು ಅದೇ ಪ್ರೋಟೀನಿನ ತುಂಡುಗಳು ಎನ್ನುವುದೂ ನಿಜ. "ನೇರ ಮಂಡಿಗೆ ಹೋಗಿ ಕೂರುತ್ತದೆ" ಎಂಬುದು ಮಾತ್ರ ನಿಜವಲ್ಲ. ಹೊಟ್ಟೆಯಲ್ಲಿ ಅದೂ ಕತ್ತರಿಗೆ ಸಿಗುತ್ತದೆ. ಎರಡು ಮೂರು ಅಮೈನೋ ಆಮ್ಲದ ಚೂರುಗಳು ಹಾಗೇ ರಕ್ತಕ್ಕೆ ದಾಟಬಹುದು, ನೋವು ಸ್ವಲ್ಪ ಕಡಿಮೆಯಾಯಿತು ಎನ್ನುವ ಕೆಲವು ಅಧ್ಯಯನಗಳೂ ಇವೆ. ಆದರೆ ಸವೆದ ಮೆತ್ತೆ ಮತ್ತೆ ಬೆಳೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ದೇಹ ತನ್ನ ಕೊಲಾಜೆನ್ ಅನ್ನು ತಾನೇ ಹೊಸೆದುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಯಾವುದೋ ಪ್ರೋಟೀನಿನಿಂದ ಬಂದ ಅಮೈನೋ ಆಮ್ಲಗಳು, ಮತ್ತು ಸಿ ಜೀವಸತ್ವ. ಸಿ ಇಲ್ಲದಿದ್ದರೆ ಹಗ್ಗ ಗಟ್ಟಿಯಾಗುವುದಿಲ್ಲ. ಹಿಂದೆ ಹಡಗಿನವರಿಗೆ ವಸಡಿನಲ್ಲಿ ರಕ್ತ ಬರುತ್ತಿದ್ದುದು ಇದಕ್ಕೇ. ಅರ್ಧ ಲಿಂಬೆಹಣ್ಣು, ಒಂದು ನೆಲ್ಲಿಕಾಯಿ, ಒಂದು ಪೇರಲ ಆ ಕೆಲಸ ಮಾಡುತ್ತವೆ.

ಇನ್ನೊಂದು ವಿಷಯ, ಇದನ್ನು ಮಾರುವವರು ಎಷ್ಟೋ ಸಲ ಹೇಳುವುದೇ ಇಲ್ಲ. ಕೊಲಾಜೆನ್ ಗಿಡದಲ್ಲಿ ಇಲ್ಲ. ಪುಡಿ ಬರುವುದು ದನ, ಹಂದಿ ಅಥವಾ ಮೀನಿನ ಚರ್ಮ, ಎಲುಬು, ಪೊರೆಯಿಂದ. ನಿಮ್ಮ ಮನೆಯ ಊಟದ ರೂಢಿ ನನಗೆ ಗೊತ್ತಿಲ್ಲ. ಸಸ್ಯಾಹಾರಿಗಳಾದರೆ ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆಯೋ ಕಂದು ತ್ರಿಕೋನ ಇದೆಯೋ ನೋಡಿ. ಮುಟ್ಟದ ವಸ್ತುವನ್ನು ತಿಳಿಯದೆ ಕುಡಿದು ಆಮೇಲೆ ನೊಂದುಕೊಂಡ ಹಿರಿಯರನ್ನು ನಾನು ಕಂಡಿದ್ದೇನೆ, ಆ ನೋವು ಯಾರಿಗೂ ಬೇಡ.

ಅದಕ್ಕಿಂತ ನನಗೆ ಹೆಚ್ಚು ಕಾಳಜಿ ಕಿಡ್ನಿಯದ್ದು. ಪ್ರೋಟೀನ್ ಹೆಚ್ಚಾದರೆ ದೇಹ ಅದನ್ನು ಹಾಗೇ ಕೂಡಿಡುವುದಿಲ್ಲ. ಅದರ ಸಾರಜನಕವನ್ನು ಲಿವರ್ ಯೂರಿಯಾ ಮಾಡುತ್ತದೆ, ಕಿಡ್ನಿ ಹೊರಹಾಕುತ್ತದೆ. 11 ವರ್ಷದ ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಸದ್ದಿಲ್ಲದೆ ಸೋತಿರುವುದು ಉಂಟು. ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಎರಡನ್ನೂ ನೋಡಿಸದೆ ಯಾವ ಪ್ರೋಟೀನ್ ಪುಡಿಯನ್ನೂ ಶುರು ಮಾಡಬೇಡಿ. ಕಿಡ್ನಿ ಚೆನ್ನಾಗಿದ್ದರೆ 60 ಕೆಜಿ ತೂಕದವರಿಗೆ ದಿನಕ್ಕೆ 50 ಗ್ರಾಂ ಪ್ರೋಟೀನ್ ಸಾಕು, ಅದು ನಮ್ಮ ಊಟದಲ್ಲೇ ಇದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳಿನಲ್ಲಿ ಅದು ಧಾರಾಳ. ರೊಟ್ಟಿಯ ಜೊತೆ ಮಡಕಿಕಾಳಿನ ಪಲ್ಯವೋ ಜುಣಕವೋ ಇಟ್ಟು, ಮೇಲೆ ಮೊಸರು ಹಾಕಿಕೊಂಡು ಉಣ್ಣುವುದನ್ನು ನಮ್ಮ ಅಜ್ಜಿಯರು ರುಚಿಗೆಂದು ಮಾಡಿದರೋ ಅನುಭವದಿಂದ ಮಾಡಿದರೋ, ಜೋಡಿ ಮಾತ್ರ ಸರಿಯಾಗಿ ಕೂತಿದೆ.

ಪ್ರೋಟೀನಿನ ಮಾತು ಬಂದದ್ದಕ್ಕೆ ಇನ್ನೊಂದು ಅನುಮಾನ. ಇನ್ಸುಲಿನ್ ಅನ್ನು ಎಲ್ಲಿ ಇಡುತ್ತೀರಿ? ಪ್ರೋಟೀನಿನ ಸರ ಒಂದು ನಿಶ್ಚಿತ ರೀತಿಯಲ್ಲಿ ಮಡಚಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಬಿಸಿ ತಾಗಿದರೆ ಮಡಿಕೆ ಬಿಚ್ಚುತ್ತದೆ. ಬೇಯಿಸಿದ ತತ್ತಿಯ ಲೋಳೆ ಬೆಳ್ಳಗೆ ಗಟ್ಟಿಯಾಗಿ ಮತ್ತೆ ಲೋಳೆಯಾಗುವುದಿಲ್ಲವಲ್ಲ, ಹಾಗೆ. ಗದಗದ ಏಪ್ರಿಲ್ ಬಿಸಿಲಿನಲ್ಲಿ ಜಾತ್ರೆಗೆ ಹೋಗುವಾಗ ಬ್ಯಾಗಿನಲ್ಲಿ ಇಟ್ಟ ಸೀಸೆ, ನಿಲ್ಲಿಸಿದ ಕಾರಿನಲ್ಲಿ ಉಳಿದ ಪೆನ್ನು, ಫ್ರೀಜರಿನಲ್ಲಿ ಗಟ್ಟಿಯಾಗಿ ಮತ್ತೆ ಕರಗಿದ್ದು, ಇವೆಲ್ಲ ನೋಡಲು ಸರಿಯಾಗಿದ್ದರೂ ಶಕ್ತಿ ಕಳೆದುಕೊಂಡಿರಬಹುದು. ತೆರೆಯದ ಸೀಸೆ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಲಿ, ಫ್ರೀಜರಿಗೆ ತಾಗದಿರಲಿ. ಬಳಸುತ್ತಿರುವುದನ್ನು ಎಷ್ಟು ದಿನ ಹೊರಗಿಡಬಹುದು ಎಂಬುದು ಅದರ ಚೀಟಿಯಲ್ಲೇ ಇರುತ್ತದೆ, ಹೆಚ್ಚಿನವಕ್ಕೆ ನಾಲ್ಕು ವಾರದ ಆಸುಪಾಸು. ಕರೆಂಟ್ ಹೋಗುವ ಊರಿನಲ್ಲಿ ತೇವದ ಮರಳಿನಲ್ಲಿ ಕೂರಿಸಿದ ಮಣ್ಣಿನ ಮಡಕೆಯೂ ಅದನ್ನು ಸ್ವಲ್ಪ ತಂಪಾಗಿಡುತ್ತದೆ. ನಂಬರ್ ಏರಿದ್ದಕ್ಕೆ ರೊಟ್ಟಿಯೊಂದನ್ನೇ ದೂರುವ ಮೊದಲು ಇದನ್ನು ನೋಡಿ.

ಎಣ್ಣೆಯ ವಿಷಯದಲ್ಲಿ ನಿಮ್ಮ ಮನೆಯವರಿಗೆ ಬೇಜಾರಾಗದಂತೆ ಹೇಳಿ. 'ಕೊಲೆಸ್ಟ್ರಾಲ್ ಇಲ್ಲ' ಎಂದು ಬರೆದದ್ದು ಸುಳ್ಳಲ್ಲ. ಆದರೆ ಕೊಲೆಸ್ಟ್ರಾಲ್ ಪ್ರಾಣಿಗಳ ಮೈಯಲ್ಲಿ ಹುಟ್ಟುವ ಅಣು. ಶೇಂಗಾ, ಕುಸುಬೆ, ಸೂರ್ಯಕಾಂತಿ, ಯಾವ ಕಾಳಿನ ಎಣ್ಣೆಯಲ್ಲೂ ಲೆಕ್ಕಕ್ಕೆ ಹಿಡಿಯುವಷ್ಟು ಅದು ಇರುವುದಿಲ್ಲ. ನೀವು ಬಿಟ್ಟ ಗಾಣದ ಎಣ್ಣೆಯಲ್ಲೂ ಇರಲಿಲ್ಲ. ಎಣ್ಣೆ, ತುಪ್ಪ ಎರಡೂ ಕೊಬ್ಬಿನ ಆಮ್ಲದ ಮೂರು ಬಾಲಗಳಿರುವ ಅಣುಗಳು. ತುಪ್ಪದ ಬಾಲಗಳು ಹೆಚ್ಚಾಗಿ ನೆಟ್ಟಗಿರುತ್ತವೆ, ಒತ್ತೊತ್ತಾಗಿ ಕೂರುತ್ತವೆ, ಅದಕ್ಕೇ ಡಿಸೆಂಬರಿನ ಧಾರವಾಡದ ಚಳಿಗೆ ಹೆಪ್ಪುಗಟ್ಟುತ್ತದೆ. ಶೇಂಗಾ, ಕುಸುಬೆ ಎಣ್ಣೆಯ ಬಾಲಗಳಲ್ಲಿ ಸೊಟ್ಟ ತಿರುವು ಇದೆ, ಒತ್ತಿ ಕೂರಲಾರವು, ಹರಿಯುತ್ತಲೇ ಇರುತ್ತವೆ. ರಕ್ತದ ಕೊಲೆಸ್ಟ್ರಾಲನ್ನು ಹೆಚ್ಚಿಸುವುದು ಮುಖ್ಯವಾಗಿ ಆ ನೆಟ್ಟಗಿನ ಕೊಬ್ಬು ಮತ್ತು ವನಸ್ಪತಿಯ ಟ್ರಾನ್ಸ್ ಕೊಬ್ಬು. ಟ್ರಾನ್ಸ್ ಕೊಬ್ಬನ್ನು 2022ರಿಂದ ನಮ್ಮ ದೇಶದಲ್ಲಿ ಶೇಕಡಾ 2ಕ್ಕೆ ಮಿತಿಗೊಳಿಸಿದ್ದಾರೆ. ಗಾಣದ ಎಣ್ಣೆಗೆ ಮರಳಬಹುದು, ಒಂದು ಷರತ್ತಿದೆ: ಶೇಂಗಾ ಬೂಸ್ಟು ಹಿಡಿದಿರಬಾರದು. ಬೂಸ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ರಿಫೈನ್ ಮಾಡುವಾಗ ಬಹುಪಾಲು ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಕಾಳು ಕಣ್ಣಾರೆ ನೋಡಿ ಹಾಕಿಸಿ. ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲರಿ, ಹಾಗಾಗಿ ಅಳತೆ ಇರಲಿ. ಮಿರ್ಚಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ, ಸೊಟ್ಟ ಬಾಲಗಳು ಬಿಸಿಗೂ ಗಾಳಿಗೂ ಬೇಗ ಒಡೆದು ಕೆಡುತ್ತವೆ. ಕಮಟು ವಾಸನೆ ಅದರದೇ.

ನಾಲ್ಕನೆಯ ಬಗೆ, ಡಿಎನ್‌ಎ, ನಿಮ್ಮ ಪತ್ರದಲ್ಲಿ ಇಲ್ಲ. ಆದರೆ ಮಂಡಿನೋವಿನಲ್ಲಿ ಇರಬಹುದು. ಡಿಎನ್‌ಎ, ಆರ್‌ಎನ್‌ಎ ಒಡೆದಾಗ ಬರುವ ಪ್ಯೂರಿನ್ ಕೊನೆಗೆ ಯೂರಿಕ್ ಆಮ್ಲವಾಗುತ್ತದೆ. ಅದು ರಕ್ತದಲ್ಲಿ ಹೆಚ್ಚಾಗಿ ಕೀಲಿನಲ್ಲಿ ಹರಳುಗಟ್ಟಿದರೆ ಗೌಟ್. ಒಮ್ಮೆಲೇ ಕೆಂಪಾಗಿ ಊದಿ ಮುಟ್ಟಲಾಗದಷ್ಟು ನೋಯುತ್ತದೆ. ಅತ್ತೆಯವರದ್ದು ನಿಧಾನಕ್ಕೆ ಬಂದ, ನಡೆದರೆ ಹೆಚ್ಚಾಗುವ ನೋವಾದರೆ ಅದು ಹೆಚ್ಚಾಗಿ ಸವೆತ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಪುಡಿಗೆ ಕೊಡುವ 1,800ರಲ್ಲಿ ಎಲುಬಿನ ಡಾಕ್ಟರ ಫೀ, ಒಂದು ಎಕ್ಸ್‌ರೇ, ಯೂರಿಕ್ ಆಮ್ಲದ ಟೆಸ್ಟ್ ಬಹುತೇಕ ಆಗಿಹೋಗುತ್ತವೆ. ಸವೆತವಾದರೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಇರುವ ತೂಕದಲ್ಲಿ ಒಂದಿಷ್ಟು ಇಳಿಕೆ, ಇವೆರಡಕ್ಕೆ ಯಾವ ಪುಡಿಗಿಂತಲೂ ಹೆಚ್ಚು ಆಧಾರವಿದೆ.

ಈಗ ಏನು ಮಾಡಬಹುದು? ಸುಲಭವಾದದ್ದು ಬೆಲ್ಲ ಬಿಡುವುದು. ಪೂರ್ತಿ ಸಪ್ಪೆ ಚಹಾ ಇಳಿಯದಿದ್ದರೆ ನಾಲ್ಕು ಕಪ್ ಎರಡಾಗಲಿ, ಬೆಲ್ಲ ವಾರಕ್ಕೊಮ್ಮೆ ಇಳಿಯುತ್ತಾ ಹೋಗಲಿ. ರೊಟ್ಟಿಯನ್ನು ಡಾಕ್ಟರಿಗೆ ಹೇಳಿಯೇ ಇಳಿಸಿ. ಹೋಗುವಾಗ ಒಂದು ವಾರದ ಸಕ್ಕರೆಯ ಲೆಕ್ಕ, ದಿನದ ಹಿಟ್ಟಿನ ತೂಕ, ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅವರಿಗೆ ಡೋಸ್ ಹೊಂದಿಸಲು ಅನುಕೂಲ. ನನ್ನ ಅನುಭವದಲ್ಲಿ ರೊಟ್ಟಿ ಕಡಿಮೆ ಮಾಡಿ ಎಂದು ಮಾತ್ರ ಹೇಳಿದರೆ ಹಿರಿಯರು ನಾಲ್ಕು ದಿನ ಮಾಡಿ ಬಿಡುತ್ತಾರೆ, ಹಸಿವು ತಡೆಯುವುದಿಲ್ಲ. ತಾಟಿನ ಅರ್ಧ ಭಾಗವನ್ನು ಮೊದಲು ತುಂಬಿ: ಹಕ್ಕರಿಕೆ, ಮೆಂತ್ಯೆ, ಸೌತೆಕಾಯಿ, ಮೂಲಂಗಿ, ಒಂದು ಸೊಪ್ಪಿನ ಪಲ್ಯ, ಒಂದು ಕಾಳಿನ ಪಲ್ಯ. ಅವನ್ನು ಮೊದಲು ಉಂಡು ಆಮೇಲೆ ರೊಟ್ಟಿಗೆ ಕೈ ಹಾಕಿದರೆ ಊಟದ ನಂತರದ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ.

ಇಳಿಸುವ ದಿನಗಳಲ್ಲಿ ಒಂದು ಅಪಾಯ ಎಲ್ಲರಿಗೂ ಗೊತ್ತಿರಲಿ, ಮಗನಿಗೂ. ಅತ್ತೆಯವರು ಬೆವರಿದರೆ, ಕೈ ನಡುಗಿದರೆ, ಮಾತು ತಡವರಿಸಿದರೆ ಸಕ್ಕರೆ ಕುಸಿದಿದೆ ಎಂದು ತಿಳಿಯಿರಿ. ಆಗ ರೊಟ್ಟಿ ಕೊಡಬೇಡಿ, ಪಿಷ್ಟ ಕರಗುವಷ್ಟು ಹೊತ್ತು ಕಾಯಲಾಗದು. ಮೂರು ಚಮಚ ಸಕ್ಕರೆ ಕದಡಿದ ನೀರು ಕೊಡಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಅವರ ಮಾತ್ರೆಯ ಹೆಸರಿನಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ದರೆ ಸಕ್ಕರೆ ನೀರು ಸಾಲದು. ಆ ಔಷಧಿ ಕರುಳಿನಲ್ಲಿ ಸುಕ್ರೋಸ್ ಒಡೆಯುವುದನ್ನೇ ತಡೆಯುತ್ತದೆ. ಅಂಥವರಿಗೆ ಮೆಡಿಕಲ್ ಶಾಪಿನ ಗ್ಲೂಕೋಸ್ ಪುಡಿಯೇ ಬೇಕು, ಇವತ್ತೇ ಒಂದು ಪೊಟ್ಟಣ ತಂದಿಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ.

ತೆರೆಯದ ಕೊಲಾಜೆನ್ ಡಬ್ಬಿ ಇದ್ದರೆ ಸಂಬಂಧಿಕರಿಗೆ ಮರಳಿಸಿ, ಕಿಡ್ನಿ ಟೆಸ್ಟ್ ಆಗುವವರೆಗೆ ಡಾಕ್ಟರು ಬೇಡವೆಂದರು ಎನ್ನಿ, ಯಾರ ಮನಸ್ಸೂ ನೋಯದು. ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ಹಿಮೋಗ್ಲೋಬಿನ್, ಈ ಮೂರರ ರಿಪೋರ್ಟ್ ಬಂದ ಮೇಲೆ ನನಗೊಂದು ಸಾಲು ಬರೆಯಿರಿ. ಅದರ ಜೊತೆ ನಿಮ್ಮ ಮನೆಯ ಒಂದು ರೊಟ್ಟಿಗೆ ಎಷ್ಟು ಗ್ರಾಂ ಹಿಟ್ಟು ಎಂದು ಮಗನ ಕೈಯಿಂದ ತೂಗಿಸಿ ಬರೆಸಿ.